ಹೆಸರು ಹಿಡಿದು ಕರೆದರೆ

ಮೊದಲನೇ ಸಲ ನಾನು ಫೇಲಾದದ್ದು ‘ಸರ್’ ಅಂದಿದ್ದಕ್ಕೆ. ವಿಮಾನದವರ ಜೊತೆ ರೇಡಿಯೋದಲ್ಲಿ ಮಾತಾಡುವಾಗ ಸರ್, ಮೇಡಂ, ನಮಸ್ಕಾರ, ದಯವಿಟ್ಟು ಯಾವುದೂ ಬರಬಾರದು. ಯಾರನ್ನು ಕರೆಯುತ್ತಿದ್ದೇವೆ, ಕರೆಯುತ್ತಿರುವವರು ಯಾರು, ವಿಷಯವೇನು, ಅಲ್ಲಿಗೆ ಮುಗಿಯಿತು. ನಾನು ಸಿರುಗುಪ್ಪದ ಸಾಲೆಯಲ್ಲಿ ಕೈಕಟ್ಟಿ ನಿಂತು ಉತ್ತರ ಹೇಳಿ ಬೆಳೆದವಳು. ಉಸಿರಿಗೊಂದು ಸರ್ ಬಂತು. ಎದುರು ಕೂತ ಪರೀಕ್ಷಕರು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದಿಟ್ಟು, ಇಷ್ಟು ವಿನಯ ಇದ್ದವರು ಹೋಟೆಲಿನಲ್ಲಿ ಕೆಲಸಕ್ಕೆ ಸೇರಬೇಕು ಎಂದರು. ಪಕ್ಕದವರು ನಕ್ಕರು. ಎರಡನೇ ಸಲ ಎಂಜಿನ್ನಿಗೆ ಬೆಂಕಿ ಬಿದ್ದಿದೆ, ಸಂದೇಶ ಕಳಿಸು ಎಂದಾಗ ಆ ನಗುವೇ ನೆನಪಾಗಿ ಬಾಯಿ ಒಣಗಿತು. ಬೆಂಕಿ ಬಿದ್ದ ವಿಮಾನ ಇಷ್ಟು ಹೊತ್ತು ಕಾಯುವುದಿಲ್ಲ, ಅದರಲ್ಲಿದ್ದವರೆಲ್ಲ ಸತ್ತರು, ನೀನಿನ್ನು ಎದ್ದು ಹೋಗಬಹುದು ಎಂದರು. ಎದ್ದು ಬಂದೆ.

ಆಗ ನಾನು ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ತೂಗಿ ಚೀಟಿ ಅಂಟಿಸುವ ಕೆಲಸದಲ್ಲಿದ್ದೆ. ಮೇಲಿನ ರೇಡಿಯೋ ಕೋಣೆಯಲ್ಲಿ ಒಬ್ಬರು ನಿವೃತ್ತರಾಗುವವರಿದ್ದರು. ಸರ್ಕಾರದ ರೇಡಿಯೋ ಆಪರೇಟರ್ ಪ್ರಮಾಣಪತ್ರ ತಂದರೆ ಆ ಕುರ್ಚಿ ನಿನಗೆ, ಈ ಸಲವೂ ತರದಿದ್ದರೆ ಬೇರೆಯವರಿಗೆ ಎಂದು ಮೇಲಿನವರು ಹೇಳಿದ್ದರು. ಬರವಣಿಗೆಯ ಪರೀಕ್ಷೆ ನನಗೆ ಲೆಕ್ಕಕ್ಕೇ ಇರಲಿಲ್ಲ. ಬಾಯಿಮಾತಿನ ಪರೀಕ್ಷೆಯೇ ಯಮನಾಗಿ ಕೂತಿತ್ತು. ಸೂಟ್‌ಕೇಸು ಎತ್ತಿ ಎತ್ತಿ ಸೊಂಟ ಬಿದ್ದುಹೋಗುವುದಕ್ಕಿಂತ ಮೊದಲು ನಾನು ಆ ಮೆಟ್ಟಿಲು ಹತ್ತಬೇಕಿತ್ತು. ಬೇರೆ ಆಸೆ ಆಗ ಯಾವುದೂ ಇರಲಿಲ್ಲ.

ಅಪ್ಪ ಅಕ್ಕಿ ಗಿರಣಿಯ ಮೆಕ್ಯಾನಿಕ್. ಇಂಗ್ಲಿಷಿಗೂ ಅವನಿಗೂ ದೂರ. ಆದರೆ ಅವನ ಅಣ್ಣ, ನನ್ನ ದೊಡ್ಡಪ್ಪ, ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿ ದುಡಿದು ನಿವೃತ್ತನಾಗಿ ಕುರುಗೋಡಿನಲ್ಲಿ ಕೂತಿದ್ದ. ಅಪ್ಪ ಫೋನ್ ಮಾಡಿ ಅಂಗಲಾಚಿದ. ಕಳಿಸು, ಉಳಿದರೆ ಕಲಿಯುತ್ತಾಳೆ ಎಂದು ದೊಡ್ಡಪ್ಪ ಅಂದನಂತೆ. ರಜೆ ಹಾಕಿ ಹೋದೆ. ಎದುರಿಗೆ ನಾನು ದೊಡ್ಡಪ್ಪನಿಗೆ ‘ರೀ’ ಹಚ್ಚದೆ ಮಾತಾಡಿದ್ದಿಲ್ಲ. ಬರೆಯುವಾಗ ಆ ಮರ್ಯಾದೆ ಕೊಡಲು ಕೈ ಬರುವುದಿಲ್ಲ, ಕೊಡುವುದೂ ಇಲ್ಲ.

ಮನೆಯೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಪಡಸಾಲೆಯ ಗಡಿಯಾರ. ಅದರ ಮುಖದ ಮೇಲೆ ಎರಡು ಕಡೆ ಹೋಳಿನ ಹಾಗೆ ಕೆಂಪು ಬಣ್ಣ ಬಳಿದಿದ್ದ. ಹಿಂದೆ ಹಡಗುಗಳ ರೇಡಿಯೋ ಕೋಣೆಯಲ್ಲಿ ಅಂಥ ಗಡಿಯಾರ ಇರುತ್ತಿತ್ತಂತೆ. ಗಂಟೆಗೆ ಎರಡು ಸಲ, ಮುಳ್ಳು ಕೆಂಪಿನ ಮೇಲೆ ಬಂದಾಗ, ಮೂರು ನಿಮಿಷ ಸಮುದ್ರದ ಮೇಲಿನ ಎಲ್ಲ ಹಡಗೂ ಸುಮ್ಮನಾಗಬೇಕು. ಎಲ್ಲೋ ಮುಳುಗುತ್ತಿರುವವರ ಕ್ಷೀಣವಾದ ಕರೆ ಇದ್ದರೆ ಆ ಮೌನದಲ್ಲಿ ಕೇಳಲಿ ಎಂದು. ಎಂಥ ಒಳ್ಳೆಯ ಪದ್ಧತಿ ಅನ್ನಿಸಿತು. ಆಮೇಲೆ ಗೊತ್ತಾಯಿತು, ಹಡಗುಗಳು ಬಿಟ್ಟ ಆ ಪದ್ಧತಿ ಈ ಮನೆಯಲ್ಲಿ ಇನ್ನೂ ನಡೆಯುತ್ತಿದೆ ಎಂದು.

ಮುಳ್ಳು ಕೆಂಪಿಗೆ ಬಂದರೆ ದೊಡ್ಡಪ್ಪ ಕೈ ಎತ್ತುತ್ತಿದ್ದ. ಮನೆಯಲ್ಲಿ ಸದ್ದು ನಿಲ್ಲಬೇಕು. ದೊಡ್ಡವ್ವ ಅಡುಗೆಮನೆಯಲ್ಲಿ ಜೋಳದ ರೊಟ್ಟಿ ತಟ್ಟುತ್ತಿದ್ದರೆ ತಟ್ಟುವುದನ್ನು ನಿಲ್ಲಿಸಿ, ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೂರುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿಯನ್ನೂ ತಿರುವಿ ಹಾಕುತ್ತಿರಲಿಲ್ಲ, ಬಳೆ ಸದ್ದಾಗುತ್ತದೆಂದು. ಅದು ಸೀದು ಕರ್ರಗಾಗುತ್ತಿತ್ತು. ಸೀದ ರೊಟ್ಟಿ ದೊಡ್ಡಪ್ಪ ಮುಟ್ಟುತ್ತಿರಲಿಲ್ಲ. ಅದು ಅವಳ ಪಾಲು. ನಾನು ಹೋದ ಮೊದಲ ದಿನವೇ ಅವಳ ತಾಟಿನಲ್ಲಿ ಕಪ್ಪು ರೊಟ್ಟಿ ನೋಡಿ, ಯಾಕೆ ಎಂದು ಕೇಳಿದೆ. ನನಗೆ ಇದೇ ರುಚಿ ಎಂದಳು. ಸುಳ್ಳು ಹೇಳಿ ರೂಢಿಯಿರುವವರ ದನಿ ಅದು.

ಇನ್ನೊಂದು ಪದ್ಧತಿ ಇದಕ್ಕಿಂತ ಹೆಚ್ಚಿನದು. ಸರಿಯಾಗಿ ಕರೆಯದಿದ್ದರೆ ದೊಡ್ಡಪ್ಪ ಯಾರಿಗೂ ಓಗೊಡುತ್ತಿರಲಿಲ್ಲ. ಹಡಗಿನಿಂದ ಹಡಗನ್ನು ಕರೆಯುವಾಗ ಅದರ ಹೆಸರನ್ನು ಮೂರು ಸಲ ಹೇಳಬೇಕು, ಆಮೇಲೆ ನಮ್ಮ ಹೆಸರನ್ನು ಮೂರು ಸಲ. ಆಗಲೇ ಅದು ಕರೆ. ಇಲ್ಲದಿದ್ದರೆ ಗಾಳಿ. ನನಗೆ ಅವನು ‘ಸಿರುಗುಪ್ಪ’ ಎಂದು ಹೆಸರಿಟ್ಟ, ತಾನು ‘ಕುರುಗೋಡು’. ಊಟಕ್ಕೆ ಏಳಿ ಎನ್ನುವುದಕ್ಕೂ ನಾನು ಕುರುಗೋಡು, ಕುರುಗೋಡು, ಕುರುಗೋಡು ಎಂದು ಶುರು ಮಾಡಬೇಕಿತ್ತು. ಒಮ್ಮೆ ತಪ್ಪಿದರೆ ಕಲ್ಲಿನ ಹಾಗೆ ಕೂರುತ್ತಿದ್ದ. ಅನ್ನ ಆರಿ ಅಕ್ಕಿಯಾದರೂ ಏಳುತ್ತಿರಲಿಲ್ಲ.

ನನಗೆ ಊರಿನ ಹೆಸರು ಕೊಟ್ಟವನು ಹೆಂಡತಿಗೆ ಕೊಡಲಿಲ್ಲ. ಅವಳು ಅವನ ಸ್ವಂತ ಹೆಸರನ್ನೇ ಹಿಡಿದು ಕರೆಯಬೇಕಂತೆ. ಮದುವೆಯಾದ ಹೊಸದರಲ್ಲಿ ರಜೆಗೆ ಬಂದಾಗ ಹೂಡಿದ ಆಟ ಅದು. ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದುಂಟೇ? ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕಿ ಹೆಸರು ಹೇಳು ಎಂದು ಕಾಡಿದಾಗ, ಒಡಪಿನ ಕೊನೆಗೆ ಒಂದೇ ಒಂದು ಸಲ ಅಂದಿದ್ದಳಂತೆ. ಅಷ್ಟೇ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೂ ಪಕ್ಕದವರ ಮುಖ ನೋಡುತ್ತಿದ್ದಳು. ಹಾಗಾಗಿ ಅವಳು ‘ಏನ್ರಿ’ ಅನ್ನುವುದು, ಅವನು ಓಗೊಡದಿರುವುದು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಪಡಸಾಲೆಗೆ ನಡೆದು ಅವನ ಮುಖದ ಮುಂದೆ ನಿಂತು ಹೇಳುವುದು. ಒಂದು ಆಯುಷ್ಯ ಹಾಗೇ ನಡೆದಿದ್ದಳು. ಮಕ್ಕಳಿದ್ದಿದ್ದರೆ ಕೂಸಿನ ಅಪ್ಪ ಎಂದಾದರೂ ಕರೆಯಬಹುದಿತ್ತು. ಮಕ್ಕಳಾಗಲಿಲ್ಲ.

ನಾನು ತಡೆಯಲಾರದೆ ಒಂದು ದಿನ, ದೊಡ್ಡವ್ವನೂ ಕುರುಗೋಡು ಅನ್ನಲಿ ಬಿಡಿ ಎಂದೆ. ದೊಡ್ಡಪ್ಪ ಖುಷಿಯಾಗಿ ನಕ್ಕ. ಊರಿನ ಹೆಸರು ದಡದಲ್ಲಿರುವ ಸ್ಟೇಶನ್ನಿಗೆ, ಹೆಂಡತಿಗೆ ಗಂಡನೇ ಹಡಗು, ಹಡಗನ್ನು ಅದರ ಹೆಸರಿನಿಂದಲೇ ಕರೆಯಬೇಕು ಎಂದ. ಇಷ್ಟು ಚೆಂದದ ಮಾತು ಹೊಳೆಯಿತಲ್ಲ ಎಂದು ತಾನೇ ತಲೆದೂಗಿದ. ಅಡುಗೆಮನೆಯಲ್ಲಿ ದೊಡ್ಡವ್ವನನ್ನು ಕೇಳಿದೆ, ಒಂದು ಸಲ ಹೆಸರು ಹಿಡಿದು ಒದರಿಬಿಡು, ಏನಾಗುತ್ತದೆ ಎಂದು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅನ್ನಬಾರದವ್ವಿ. ಗಂಡನ ಹೆಸರು ಒಂದು ಸಲ ಬಾಯಾಗ ಬಂದ್ರ ಅವರ ಆಯುಷ್ಯದಾಗ ಒಂದು ದಿನ ಕಮ್ಮಿ ಆಗ್ತೈತಿ. ನಮ್ಮವ್ವ ಹೇಳಿಕೊಟ್ಟಿದ್ದು.”

ಇಂಥ ಗಂಡನ ಆಯುಷ್ಯವನ್ನು ಒಂದೊಂದು ದಿನ ಉಳಿಸಿ ಉಳಿಸಿ ಇಟ್ಟಿದ್ದಳು ಪುಣ್ಯಾತ್ಗಿತ್ತಿ. ನನಗೆ ಅವಳ ಮೇಲೂ ಸಿಟ್ಟು ಬಂತು.

ಪಾಠ ಮಾತ್ರ ಪಾಠವೇ. ಅದರಲ್ಲಿ ದೊಡ್ಡಪ್ಪನನ್ನು ಬಿಟ್ಟರಿಲ್ಲ. ನನ್ನನ್ನು ಮಾಳಿಗೆ ಹತ್ತಿಸಿ ಬೆಳಕಿಂಡಿಯ ಪಕ್ಕ ಕೂರಿಸುತ್ತಿದ್ದ. ಕೆಳಗೆ ತಾನು. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ದನಿಯೊಂದೇ ಹೋಗಿಬರಬೇಕು. ಬಿಸಿಲಿಗೆ ಮಾಳಿಗೆಯ ಮಣ್ಣು ಕಾದು ಕುಂಡೆ ಸುಡುತ್ತಿತ್ತು. ಕೆಳಗಿನಿಂದ ಒಂದೊಂದೇ ಆಪತ್ತು ಕೊಡುತ್ತಿದ್ದ. ಎಂಜಿನ್ ನಿಂತಿದೆ, ಚಕ್ರ ಬಿಚ್ಚುತ್ತಿಲ್ಲ, ಪ್ರಯಾಣಿಕನಿಗೆ ಎದೆನೋವು. ನಾನು ಅದಕ್ಕೆ ತಕ್ಕ ಕರೆ ಕೊಡಬೇಕು. ದನಿ ನಡುಗಿದರೆ, ಸಿರುಗುಪ್ಪದ ಗದ್ದೆಯಲ್ಲಿ ಕಪ್ಪೆ ಒದರಿದ ಹಾಗಿದೆ ಅನ್ನುತ್ತಿದ್ದ. ‘ಸರ್’ ಬಂದರೆ ಒಂದು ತಂಬಿಗೆ ನೀರನ್ನು ಬೆಳಕಿಂಡಿಯಿಂದ ನನಗೆ ಕಾಣುವ ಹಾಗೆ ಹಿಡಿದು, ತಾನು ಕುಡಿಯುತ್ತಿದ್ದ. ನನಗೆ ಇಲ್ಲ. ಒಂದು ವಾರದಲ್ಲಿ ನನ್ನ ಬಾಯಿಂದ ಸರ್ ಹೋಯಿತು. ಎರಡನೇ ವಾರಕ್ಕೆ ನಡುಕವೂ ಹೋಯಿತು. ಕ್ರೂರಿಗಳಿಗೆ ಕಲಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಒಂದು ದಿನ ಅವನು ಕೇಳಿದ: ಯಾರದೋ ದನಿ ಕೇಳುತ್ತದೆ, ಹೆಸರು ಹೇಳುವುದಿಲ್ಲ, ಎಲ್ಲಿದ್ದೇನೆಂದು ಹೇಳುವುದಿಲ್ಲ, ‘ಮೇಡೇ’ ಎಂಬ ಆಪತ್ತಿನ ಮಾತನ್ನೂ ಅನ್ನುವುದಿಲ್ಲ, ಬರೀ ಕೂಗುತ್ತಿದ್ದಾರೆ, ಏನು ಮಾಡುತ್ತೀ? ನಾನು ಜಾಣತನದಿಂದ, ಕರೆ ಪದ್ಧತಿಯಂತೆ ಇಲ್ಲ, ಉತ್ತರ ಕೊಡುವುದಿಲ್ಲ ಎಂದೆ. ಅವನು ಕೆಳಗಿನಿಂದ ಬೈದ ಬೈಗುಳವನ್ನು ಬರೆಯಲಾರೆ. ಆಮೇಲೆ ದನಿ ತಗ್ಗಿಸಿ ಹೇಳಿದ:

“ಮುಳುಗಾಕತ್ತಾವಗ ಪದ್ಧತಿ ನೆನಪಿರಂಗಿಲ್ಲ ಲೇ. ಕೇಳಾವಗ ಇರಬೇಕು. ಆಪತ್ತಿನ ಕರಿ ಯಾರ ಹೆಸರಿಗೂ ಬರಂಗಿಲ್ಲ. ಯಾವನ ಕಿವಿಗಿ ಬಿತ್ತೋ ಅವಂದ ಅದು.”

ಆ ಮಾತು ಹೇಳುವಾಗ ಅವನ ದನಿಯಲ್ಲಿ ಏನೋ ಇತ್ತು. ಹಡಗಿನಲ್ಲಿ ಎಂದೋ ಅಂಥ ಕರೆ ಕೇಳಿರಬೇಕು. ಅವತ್ತೊಂದು ದಿನ ನನಗೆ ಅವನ ಮೇಲೆ ಗೌರವ ಬಂತು. ಒಂದೇ ದಿನ.

ಅದಾದ ಮೇಲಿನ ವಾರ ಪರೀಕ್ಷೆಯ ಕಾಗದಪತ್ರಕ್ಕೆ ಸಹಿ ಮಾಡಿಸಲು ಬೆಳಿಗ್ಗೆ ಬಳ್ಳಾರಿಗೆ ಹೋದೆ. ಸಹಿ ಮಾಡುವ ಸಾಹೇಬರು ಊಟಕ್ಕೆ ಹೋದವರು ಬರಲು ಸಂಜೆಯಾಯಿತು. ಕುರುಗೋಡಿನ ಬಸ್ಸಿಳಿದು ಮನೆಗೆ ಬಂದರೆ ದೊಡ್ಡಪ್ಪ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಅಡುಗೆಮನೆ ತಣ್ಣಗಿತ್ತು. ದೊಡ್ಡವ್ವ ಎಲ್ಲಿ ಎಂದು ಕೇಳಿದೆ. ಅವನು ಪೇಪರ್ ಮಡಚಿ ನಕ್ಕ.

“ಬಚ್ಚಲದಾಗ ಅದಾಳ. ಮಧ್ಯಾಹ್ನದಿಂದ ಏನ್ರಿ ಏನ್ರಿ ಅನ್ನಾಕತ್ತಿದ್ಲು. ಟಾವೆಲ್ ಮರ್ತಿರಬೇಕು. ಹೆಸರು ಹಿಡಿದು ಕರೀಲಿಲ್ಲ, ನಾ ಓ ಅನ್ನಲಿಲ್ಲ. ಈಗ ತಾನ ಸುಮ್ಮನಾಗ್ಯಾಳ.”

ಓಡಿದೆ. ಬಚ್ಚಲ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಒದ್ದೆ ಸೀರೆ ಮೈಮೇಲೆಯೇ ಒಣಗಿತ್ತು. ಕಣ್ಣು ತೆರೆದಿದ್ದವು. ನನ್ನನ್ನು ನೋಡಿದರೂ ಬಾಯಿಂದ ಮಾತು ಬರಲಿಲ್ಲ, ಗಂಟಲು ಅಷ್ಟು ಹರಿದಿತ್ತು. ನಾನು ಕಿರುಚಿದ್ದಕ್ಕೆ ಓಣಿಯವರು ಬಂದರು. ಮಂಚದ ಹಲಗೆಯನ್ನೇ ತಂದು ಅದರ ಮೇಲೆ ಎತ್ತಿ ಮಲಗಿಸಿ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಒಯ್ದೆವು. ದೊಡ್ಡಪ್ಪ ಮುಂದೆ ಡ್ರೈವರ್ ಪಕ್ಕ ಕೂತಿದ್ದ. ದಾರಿಯುದ್ದಕ್ಕೂ ಒಂದೇ ಮಾತು: ನನಗೇನು ಗೊತ್ತು, ದಿನಾ ಹಾಗೇ ಕರೆಯುತ್ತಾಳಲ್ಲ.

ತೊಡೆಯ ಎಲುಬು ಮುರಿದಿತ್ತು. ರಾಡ್ ಹಾಕಿದರು. ಇನ್ನು ನಡೆದರೆ ಕಬ್ಬಿಣದ ಸ್ಟ್ಯಾಂಡ್ ಹಿಡಿದು ನಾಲ್ಕು ಹೆಜ್ಜೆ, ಅಷ್ಟೇ ಎಂದರು ಡಾಕ್ಟರು. ಎರಡು ದಿನದ ಮೇಲೆ ಅವಳಿಗೆ ಸ್ವಲ್ಪ ದನಿ ಬಂತು. ನಾನು ಗಂಜಿ ಕುಡಿಸುತ್ತ, ಸಾಯುವ ಹೊತ್ತಿನಲ್ಲಾದರೂ ಹೆಸರು ಹಿಡಿದು ಒದರಬಾರದಿತ್ತೇ ಎಂದು ಅವಳನ್ನೇ ಬೈದೆ.

“ಬಿಡ್ತು ಅನ್ನು,” ಅಂದಳು. “ಬಾಯಿತನಕ ಬಂದಿತ್ತು. ನುಂಗಿದೆ. ನಾ ಬಿದ್ದಿದ್ದು ಸಾಲದಂತ ಅವರ ಆಯುಷ್ಯಕ್ಕೂ ಕಲ್ಲು ಹಾಕ್ಲೇನು?”

ನಾನು ಬಿಡ್ತು ಅಂದೆ. ಅನ್ನದಿದ್ದರೆ ಅವಳು ಗಂಜಿ ಕುಡಿಯುತ್ತಿರಲಿಲ್ಲ.

ಆ ಗಡಿಯಾರವನ್ನು ಕಿತ್ತು ಅವನ ತಲೆಯ ಮೇಲೆ ಒಡೆಯಬೇಕು ಎಂದು ನನಗೆ ದಿನಾ ಅನ್ನಿಸುತ್ತಿತ್ತು. ಒಡೆಯಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು, ಆ ಕುರ್ಚಿ ನನಗೆ ಬೇಕಿತ್ತು, ಅದರ ದಾರಿ ಅವನ ನಾಲಿಗೆಯ ಮೇಲೆ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆಯೇ ಪಾಠ ಮುಂದುವರಿಯಿತು. ಒಳಗೆ ಅವಳು ನರಳುತ್ತಿದ್ದರೆ ಹೊರಗೆ ಅವನು ನನಗೆ ಆಪತ್ತಿನ ಸಂದೇಶದ ಅನುಕ್ರಮ ಒಪ್ಪಿಸಲು ಹೇಳುತ್ತಿದ್ದ. ನಾನು ಒಪ್ಪಿಸುತ್ತಿದ್ದೆ, ಒಂದಕ್ಷರ ತಪ್ಪದೆ. ಸಿಟ್ಟಿನಲ್ಲಿ ಕಲಿತದ್ದು ಮರೆಯುವುದಿಲ್ಲ ಎಂಬುದನ್ನು ಆ ಬೆಂಚಿನ ಮೇಲೆ ಕಂಡುಕೊಂಡೆ.

ಪರೀಕ್ಷೆಗೆ ಹೈದರಾಬಾದಿಗೆ ಹೋದೆ. ನನಗಿಂತ ಮುಂಚೆ ಒಳಗೆ ಹೋದ ಹುಡುಗಿ ಅಳುತ್ತ ಹೊರಗೆ ಬಂದಳು. ಅವಳ ಹಿಂದೆಯೇ ಒಳಗಿನ ನಗುವೂ ಬಂತು. ಅದೇ ನಗು, ನನಗೆ ಪರಿಚಯವಿತ್ತು. ಈ ಸಲ ಅದು ನೊಣದ ಸದ್ದಿನಷ್ಟೂ ಅನ್ನಿಸಲಿಲ್ಲ. ಕುರುಗೋಡಿನ ಮಾಳಿಗೆಯ ಮೇಲೆ ಕೂತವಳಿಗೆ ಫ್ಯಾನಿನ ಕೆಳಗೆ ಕೂತ ಇವರು ಯಾವ ಲೆಕ್ಕ? ಹೆಡ್‌ಫೋನ್ ಹಾಕಿಕೊಂಡು ಅವರು ಕೊಟ್ಟ ಬೆಂಕಿಯನ್ನೂ ಹೊಗೆಯನ್ನೂ ಪದ್ಧತಿಯಂತೆ ನೆಲಕ್ಕೆ ಮುಟ್ಟಿಸಿದೆ. ಸರ್ ಬರಲಿಲ್ಲ. ಕೊನೆಗೆ ಅವರಲ್ಲಿ ಹಿರಿಯರು ಬಿಸ್ಕತ್ತು ಅದ್ದುತ್ತ ಕೇಳಿದರು: ಯಾರೋ ಕರೆಯುತ್ತಿದ್ದಾರೆ, ಯಾರನ್ನು ಎಂದು ಹೇಳುತ್ತಿಲ್ಲ, ತಾವು ಯಾರೆಂದೂ ಹೇಳುತ್ತಿಲ್ಲ, ಪದ್ಧತಿಯ ಒಂದು ಮಾತೂ ಇಲ್ಲ. ನೀವು ಉತ್ತರ ಕೊಡಬೇಕೇ?

ಕೊಡಬೇಕು ಎಂದೆ. ಪದ್ಧತಿ ಇಲ್ಲವಲ್ಲ ಎಂದು ಕೆಣಕಿದರು. ಮುಳುಗುವವರಿಗೆ ಪದ್ಧತಿ ನೆನಪಿರುವುದಿಲ್ಲ, ಕೇಳುವವರಿಗೆ ಇರಬೇಕು, ಆಪತ್ತಿನ ಕರೆಗೆ ಹೆಸರು ಬೇಡ, ಯಾರ ಕಿವಿಗೆ ಬಿತ್ತೋ ಅವರೇ ಹೊಣೆ ಎಂದೆ. ನನ್ನ ಇಂಗ್ಲಿಷು ಆ ಮಾತಿಗೆ ಸಾಕಾಯಿತು. ದನಿ ಸ್ವಲ್ಪ ಏರಿರಬೇಕು, ಅವರು ಬಿಸ್ಕತ್ತು ಕೆಳಗಿಟ್ಟು ನನ್ನನ್ನು ನೋಡಿದರು. ಉತ್ತರ ಕೊಡದೆ ಕೂತವನಿಗೆ ಏನು ಮಾಡಬೇಕು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.

ಪಾಸಾದೆ. ಪ್ರಮಾಣಪತ್ರ ಕೈಗೆ ಬಂದ ದಿನ ಬಳ್ಳಾರಿಯಲ್ಲಿ ಪೇಢೆ ಕಟ್ಟಿಸಿಕೊಂಡು ಕುರುಗೋಡಿಗೆ ಹೋದೆ. ದೊಡ್ಡವ್ವನನ್ನು ಪಡಸಾಲೆಯ ಮೂಲೆಯಲ್ಲಿ ಮಂಚಕ್ಕೆ ಹಾಕಿದ್ದರು. ಅಡುಗೆಗೆ ಓಣಿಯ ಒಬ್ಬಾಕೆ ಬಂದು ಹೋಗುತ್ತಿದ್ದಳು. ಅವಳು ರೊಟ್ಟಿ ತಟ್ಟುವುದನ್ನು ಯಾವ ಗಡಿಯಾರಕ್ಕೂ ನಿಲ್ಲಿಸುತ್ತಿರಲಿಲ್ಲ. ದೊಡ್ಡಪ್ಪ ಪ್ರಮಾಣಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಏನೇನು ಕೇಳಿದರು ಹೇಳು ಎಂದು ಕುರ್ಚಿ ಎಳೆದುಕೊಂಡು ಕೂತ. ತನ್ನ ಪಾಠ ತಾನೇ ಕೇಳುವ ಆಸೆ. ನಾನು ಹೇಳಿದೆ. ಕೊನೆಯ ಪ್ರಶ್ನೆಗೆ ಬಂದಾಗ ಮಂಚದ ಕಡೆ ತಿರುಗಿ, ಅವಳಿಗೆ ತಿಳಿಯುವಂಥ ಕನ್ನಡದಲ್ಲಿ, ನಿಧಾನವಾಗಿ ಪೂರ್ತಿ ಹೇಳಿದೆ. ಆಪತ್ತಿನ ಕರೆಗೆ ಹೆಸರು ಬೇಕಿಲ್ಲ ಎಂಬುದನ್ನು ಎರಡು ಸಲ ಹೇಳಿದೆ. ಇದನ್ನು ಹೇಳಿಕೊಟ್ಟವರು ಯಾರು ಎಂದೂ ಹೇಳಿದೆ. ದೊಡ್ಡಪ್ಪ, ನಾನೇ, ಇದೇ ಬೆಳಕಿಂಡಿಯ ಕೆಳಗೆ ಎಂದು ಎದೆ ಉಬ್ಬಿಸಿದ. ಹೆಮ್ಮೆಯಲ್ಲಿ ಅವನಿಗೆ ತಾನು ಏನು ಒಪ್ಪಿಕೊಳ್ಳುತ್ತಿದ್ದೇನೆ ಎಂಬುದೇ ಹೊಳೆಯಲಿಲ್ಲ.

ದೊಡ್ಡವ್ವ ಪೇಢೆ ಕೈಯಲ್ಲೇ ಹಿಡಿದಿದ್ದಳು.

“ಹಂಗಾರ ಅವತ್ತು ಹೆಸರು ಬೇಕಾಗಿರಲಿಲ್ಲೇನು?” ಎಂದು ನನ್ನನ್ನು ಕೇಳಿದಳು.

ಇಲ್ಲ ಎಂದೆ. ಅವರಿಗೆ ಅದು ಗೊತ್ತಿತ್ತೇ ಎಂದಳು. ಗೊತ್ತಿತ್ತು, ಅದರ ಹಿಂದಿನ ವಾರವೇ ನನಗೆ ಹೇಳಿಕೊಟ್ಟಿದ್ದರು ಎಂದೆ. ದೊಡ್ಡಪ್ಪನ ಮುಖ ಆಗ ಇಳಿಯಿತು. ಏನೋ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಗಡಿಯಾರದ ಮುಳ್ಳು ಕೆಂಪಿನ ಮೇಲೆ ಬಂತು. ಬಚಾವಾದೆ ಎನ್ನುವ ಹಾಗೆ ಕೈ ಎತ್ತಿದ. ನಾನು ರೂಢಿಯಿಂದ ಸುಮ್ಮನಾದೆ.

ಆ ಮೌನದಲ್ಲಿ ದೊಡ್ಡವ್ವ ಅವನ ಹೆಸರು ಕರೆದಳು. ಬಿಡಿಬಿಡಿಯಾಗಿ, ಸ್ಪಷ್ಟವಾಗಿ, ಮೂರು ಸಲ. ಅದಾದ ಮೇಲೆ ತನ್ನ ಹೆಸರು ಮೂರು ಸಲ. ಅವಳಿಗೂ ಒಂದು ಹೆಸರಿದೆ ಎಂದು ನಾನು ಅವತ್ತೇ ಕೇಳಿದ್ದು. ನಾನು ಮಾಳಿಗೆಯ ಮೇಲೆ ಅಷ್ಟು ದಿನ ಕಲಿತದ್ದನ್ನು ಅವಳು ಅಡುಗೆಮನೆಯಲ್ಲಿ ಕೂತು ಕಲಿತಿದ್ದಳು. ಓಣಿಯಲ್ಲಿ ಹೋಗುತ್ತಿದ್ದ ಹೆಂಗಸರಿಬ್ಬರು ನಿಂತು ಒಳಗೆ ಇಣುಕಿದರು. ದೊಡ್ಡಪ್ಪನ ಎತ್ತಿದ ಕೈ ಹಾಗೇ ಇತ್ತು. ಕರೆ ಸರಿಯಿತ್ತು, ಓಗೊಡದೆ ಇರುವ ಹಾಗಿರಲಿಲ್ಲ.

“ಏನು?” ಎಂದ.

“ಏನಿಲ್ಲ. ಸುಮ್ನ ಕರದೆ.”

ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸಿಗೆಂದು ನಾನು ಚೀಲ ತೆಗೆದುಕೊಳ್ಳುವಷ್ಟರಲ್ಲಿ ಅವಳು ಎಷ್ಟೋ ಸಲ ಕರೆದಿದ್ದಳು. ಅವನು ಹಲ್ಲುಜ್ಜುವಾಗ, ಚಹಾ ಕುಡಿಯುವಾಗ, ಹೊರಗೆ ಕಟ್ಟೆಯ ಮೇಲೆ ಯಾರೊಂದಿಗೋ ಮಾತಾಡುವಾಗ. ಪ್ರತಿ ಸಲ ಅವನು ಬಂದು ಏನು ಎನ್ನುತ್ತಿದ್ದ, ಪ್ರತಿ ಸಲ ಅವಳು ಏನಿಲ್ಲ ಎನ್ನುತ್ತಿದ್ದಳು. ಅವಳ ಕಾಲು ಮುಟ್ಟಿ ನಮಸ್ಕರಿಸಲು ಬಗ್ಗಿದವಳು ಮೆಲ್ಲಗೆ ಕೇಳಿದೆ, ಹೆಸರು ಒಂದು ಸಲ ಅಂದರೆ ಒಂದು ದಿನ ಕಮ್ಮಿ ಅಂತಿದ್ದೆಯಲ್ಲ ದೊಡ್ಡವ್ವ ಎಂದು. ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು.

“ಹೂಂ. ನಿಮ್ಮ ಪದ್ಧತ್ಯಾಗ ಮೂರು ಸಲ ಐತಲ್ಲ,” ಅಂದಳು.